ಸೊಂಟದಲ್ಲಿ ಬೆಚ್ಚಗಿದ್ದ ಡಬ್ಬಿ

ಆ ದಿನವೂ ಬೆಳಗು ಹಂಡೆಯಿಂದಲೇ ಶುರುವಾಯಿತು. ಅಂಗಳಕ್ಕೆ ನೀರು ಹಾಕಿ, ಎರಡೆಳೆ ರಂಗೋಲಿ ಎಳೆದು, ಹಿತ್ತಲಿಗೆ ಹೋಗಿ ಹಂಡೆಯ ಕೆಳಗೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ತುರುಕಿದೆ. ನಮ್ಮ ಯಜಮಾನರ ಸ್ನಾನಕ್ಕೆ ನೀರು ಕಾದರೆ ಸಾಲದು, ಕುದಿಯಬೇಕು. ಬಿಸಿನೀರು ಗಂಡಸಿನ ಮೈಗೆ ಬಲ ಎನ್ನುವುದು ಅತ್ತೆಯವರ ಸಿದ್ಧಾಂತ. ಯಜಮಾನರು ಬಚ್ಚಲಿನಿಂದ ಬರುವಾಗ ಕಿವಿಯ ತುದಿಯವರೆಗೂ ಕೆಂಪಗಿರುತ್ತಾರೆ, ಆಗಷ್ಟೇ ಬೇಯಿಸಿ ತೆಗೆದ ಗೆಣಸಿನ ಹಾಗೆ.

ಅಂದು ಮಾತ್ರ ಸ್ನಾನಕ್ಕೂ ಮೊದಲು ಅವರಿಗೆ ಇನ್ನೊಂದು ಕೆಲಸವಿತ್ತು. ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಕೋಣೆಯ ಚಿಲಕ ಹಾಕಿಕೊಂಡರು.

ಮದುವೆಯಾಗಿ ಐದು ವರ್ಷ. ಅಷ್ಟರಲ್ಲಿ ನನ್ನ ರಕ್ತ ಪರೀಕ್ಷೆಯಾಗಿತ್ತು, ಸ್ಕ್ಯಾನಿಂಗ್ ಆಗಿತ್ತು, ಹೊಟ್ಟೆಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದದ್ದಾಗಿತ್ತು, ಉಜ್ಜಿನಿಗೆ ಹರಕೆಯೂ ಆಗಿತ್ತು. ನನ್ನಲ್ಲಿ ನೋಡಲು ಇನ್ನೇನೂ ಉಳಿದಿಲ್ಲವೆಂದಾಗ ದಾವಣಗೆರೆಯ ಡಾಕ್ಟರಮ್ಮ, "ಇನ್ನು ಯಜಮಾನರ ವೀರ್ಯ ಪರೀಕ್ಷೆ ಮಾಡಿಸಿ" ಎಂದಿದ್ದರು. ಅದನ್ನು ಕೇಳಿದ ಅತ್ತೆ, "ಗಂಡಸಿಗೆ ಎಂಥಾ ಪರೀಕ್ಷಿ? ಆಕಿಗೆ ಇವನ ಮೀಸಿ ಕಾಣಲಿಲ್ಲೇನು?" ಎಂದು ಕೇಳಿದರು. ಮೀಸೆ ನಿಜಕ್ಕೂ ಚೆನ್ನಾಗಿದೆ. ಡಾಕ್ಟರಮ್ಮ ಅದನ್ನು ಪರೀಕ್ಷೆಯೆಂದು ಒಪ್ಪಲಿಲ್ಲ, ಅಷ್ಟೇ.

ನಮ್ಮ ಯಜಮಾನರು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಸಂತಾನೋತ್ಪತ್ತಿಯ ಪಾಠ ಬಂದಾಗ ಮಕ್ಕಳಿಗೆ "ಮನೆಯಲ್ಲಿ ಓದಿಕೊಳ್ಳಿ" ಎನ್ನುತ್ತಾರೆ. ನನ್ನ ಕಾನ್ವೆಂಟಿನ ಸಿಸ್ಟರೂ ಹಾಗೆಯೇ ಅಂದಿದ್ದರು. ಹೀಗೆ ಆ ಪಾಠ ಓದದವರಿಬ್ಬರು ಸೇರಿ ಸಂಸಾರ ಹೂಡಿದ್ದೆವು. ಪರೀಕ್ಷೆಗೆ ಒಪ್ಪಲು ಅವರಿಗೆ ಒಂದು ವರ್ಷ ಹಿಡಿಯಿತು. ಒಪ್ಪಿಸಿದ್ದು ನಾನಲ್ಲ, ನಾದಿನಿಯ ಕುಬಸ. ಚೊಚ್ಚಲ ಬಸುರಿ ಮಗಳಿಗೆ ಸೋಮವಾರ ನಮ್ಮ ಮನೆಯಲ್ಲೇ ಹಸಿರು ಬಳೆ ತೊಡಿಸಿ ಉಡಿ ತುಂಬುವುದಿತ್ತು. "ನೀನು ಅಡಿಗಿಮನಿಯಾಗ ಇರು. ಹಡೀಲಾರದ ಕೈ ಉಡಿಗೆ ತಾಗಬಾರದು" ಎಂದು ಅತ್ತೆ ನನಗೆ ಹೇಳಿದ್ದರು. ಹೋಳಿಗೆಗೆ ಮಾತ್ರ ಅದೇ ಕೈ ಆಗುತ್ತಿತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಮರುದಿನ ಅವರು ಡಬ್ಬಿ ತಂದರು.

ಚಿಲಕ ತೆಗೆದು ಹೊರಬಂದವರು ಡಬ್ಬಿಯನ್ನು ನನ್ನ ಕೈಗಿಟ್ಟು, "ಹರಪನಹಳ್ಳಿಗೆ ನೀನ ಒಯ್ದು ಕೊಡು. ಲ್ಯಾಬಿನ ಮುಂದ ನನ್ನ ಹಳೇ ಹುಡುಗ್ರು ನಿಂತಿರ್ತಾರ" ಎಂದರು.

"ನಾ ನಿಂತ್ರ ನಡೀತೈತೇನ್ರಿ?"

"ಹೆಣ್ಮಕ್ಕಳು ಆಸ್ಪತ್ರಿಗೆ ಹೋದ್ರ ಯಾರು ಕೇಳ್ತಾರ?"

ಅದೂ ನಿಜ. ಐದು ವರ್ಷದಿಂದ ಯಾರೂ ಕೇಳಿರಲಿಲ್ಲ. ಮೈಯ ಬಿಸುಪು ಆರದಂತೆ, ಒಂದು ಗಂಟೆಯೊಳಗೆ ತಲುಪಿಸಬೇಕು ಎಂದು ಲ್ಯಾಬಿನವರು ಹೇಳಿದ್ದರು. ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿ ಸೀರೆಯೊಳಗೆ ಸೊಂಟಕ್ಕೆ ಸಿಕ್ಕಿಸಿ, ಕುಬಸದ ಬಳೆ ತರುತ್ತೇನೆಂದು ಅತ್ತೆಗೆ ಹೇಳಿ ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್ ಉಚಿತ ಟಿಕೆಟ್ ಹರಿದು ಕೊಟ್ಟ. ಅದು ಹೆಂಗಸರಿಗೆ ಮಾತ್ರ. ಡಬ್ಬಿಯೊಳಗಿನ ಪ್ರಯಾಣಿಕರ ಲೆಕ್ಕವನ್ನು ನಾನು ಅವನಿಗೆ ಹೇಳಲಿಲ್ಲ.

ಸೀಟು ಸಿಗದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ನಿಂತಿದ್ದೆ. ಪಕ್ಕದ ಮನೆಯ ದೊಡ್ಡವ್ವ ಕುರಿಗೆ ಔಷಧಿ ತರಲು ಅದೇ ಬಸ್ಸು ಹತ್ತಿದ್ದರು. ನನ್ನ ಕೈ ಎಲ್ಲಿದೆಯೆಂದು ನೋಡಿದರು, ನನ್ನ ಮುಖ ನೋಡಿದರು.

"ಯವ್ವಾ, ಏನಾರ ವಿಶೇಷ ಐತೇನು?"

"ಏನಿಲ್ಲ ದೊಡ್ಡವ್ವ."

"ಮೊದಮೊದಲು ಎಲ್ಲಾರೂ ಏನಿಲ್ಲ ಅಂತಾರ" ಎಂದವರೇ, ಡ್ರೈವರಿಗೆ ಕೇಳುವಂತೆ ಕೂಗಿದರು: "ಯಪ್ಪಾ, ಸಾವಕಾಶ ಹೊಡಿ! ಬಸುರಿ ಹೆಣ್ಮಗಳು ನಿಂತಾಳ!"

ಯಾರೋ ಎದ್ದು ಸೀಟು ಕೊಟ್ಟರು. ಆ ಡ್ರೈವರ್ ಆವರೆಗೆ ಯಾರಿಗಾಗಿಯೂ ನಿಧಾನ ಮಾಡಿದವನಲ್ಲ. ಅಂದು ಒಂದೊಂದು ತಗ್ಗನ್ನೂ ಮಲಗಿದ ಮಗುವನ್ನು ದಾಟುವಂತೆ ದಾಟಿಸಿದ. "ಲಗೂನ ಹೋಗ್ರಿ ಅಣ್ಣಾ, ನನಗೇನೂ ಆಗಿಲ್ಲ" ಎಂದು ನಾನು ಅಂದಷ್ಟೂ, "ಪಾಪ, ನಾಚಿಕಿ" ಎಂದು ಬಸ್ಸೆಲ್ಲ ಮರುಗಿತು. ಇಲ್ಲದ ಬಸುರಿನ ಕಾಳಜಿಯಲ್ಲಿ, ಆಗಬೇಕಾದ ಬಸುರು ನನ್ನ ಸೊಂಟದಲ್ಲಿ ತಣ್ಣಗಾಗುತ್ತಿತ್ತು.

ಬಸ್‌ಸ್ಟ್ಯಾಂಡಿನಿಂದ ಲ್ಯಾಬಿಗೆ ಬಸುರಿ ಓಡಬಾರದ ರೀತಿಯಲ್ಲಿ ಓಡಿದೆ. ಕಿಟಕಿಯಲ್ಲಿದ್ದವನು ಡಬ್ಬಿ ಮುಟ್ಟಿ ನೋಡಿ, "ಬೆಚ್ಚಗ ಐತ್ರಿ, ನಡೀತೈತಿ" ಎಂದ. ಅವನ ಕಾಲಿಗೆ ಬೀಳುವುದೊಂದು ಬಾಕಿ. ಹಸಿರು ಬಳೆ ಕೊಂಡು ಮನೆಗೆ ಬಂದೆ.

ಸಂಜೆ ಯಜಮಾನರ ಮೊಬೈಲಿಗೆ ರಿಪೋರ್ಟು ಬಂತು. ಕೋಣೆಯಲ್ಲಿ ನಿಂತು, ಮಕ್ಕಳ ಉತ್ತರಪತ್ರಿಕೆ ನೋಡುವಂತೆ ಹುಬ್ಬು ಗಂಟಿಕ್ಕಿ ಓದಿದರು. ಸಂಖ್ಯೆ ಕಡಿಮೆ. ಇದ್ದವುಗಳಲ್ಲೂ ಮುಂದಕ್ಕೆ ಈಜುವಂಥವು ಕೆಲವೇ. ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಹಾಲಿನ ಪ್ಯಾಕೆಟ್ ತರಲು ಏಳದ ಸ್ವಭಾವ ಅಷ್ಟು ಒಳಗಿನವರೆಗೆ ಇಳಿದಿದೆಯೆಂದು ಮಾತ್ರ ಗೊತ್ತಿರಲಿಲ್ಲ. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, "ಗಾಬರಿ ಬೇಡ. ಗುಟ್ಕಾ ಬಿಡಲಿ, ಕುದಿಯುವ ನೀರಿನ ಸ್ನಾನ, ಬಿಗಿ ಪ್ಯಾಂಟು ಬಿಡಲಿ. ಹೊಸದು ತಯಾರಾಗಲು ಮೂರು ತಿಂಗಳು ಬೇಕು, ಆಮೇಲೆ ಮತ್ತೆ ನೋಡೋಣ. ಮಗು ಆಗೋದೇ ಇಲ್ಲ ಅಂತ ಇದರರ್ಥ ಅಲ್ಲ" ಎಂದರು.

ಯಜಮಾನರು ಮೊಬೈಲನ್ನು ಹಾಸಿಗೆಯ ಮೇಲೆ ಬೋರಲು ಹಾಕಿದರು. "ಅವ್ವಗ ಹೇಳಬ್ಯಾಡ."

ನಾನು ಬಳೆಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ಕೂತೆ. ಒಂದು ಬಳೆ ಸೀಳು ಬಿಟ್ಟಿತ್ತು, ಬೇರೆ ಇಟ್ಟೆ.

ಅಷ್ಟರಲ್ಲಿ ಹೊರಗೆ ಕಟ್ಟೆಯ ಮೇಲೆ ದೊಡ್ಡವ್ವನ ದನಿ ಕೇಳಿತು. "ಅಕ್ಕಾ, ಮುಂಜಾನಿ ನಿನ್ನ ಸೊಸಿ ಹೊಟ್ಟಿ ಹಿಡ್ಕೊಂಡು ನಿಂತಿದ್ಲು. ನಾ ಬಸುರಿ ಅಂತ ಬಸ್ಸಿಗೆಲ್ಲ ಸಾರಿಬಿಟ್ಟೆ ನೋಡು!"

"ಎಲ್ಲೀ ಬಸುರು ತಂಗಿ! ಅಕಿ ಹಣಿಯಾಗ ಬರದಿಲ್ಲ" ಎಂದರು ಅತ್ತೆ. "ಸೋಮವಾರ ಉಡಿ ತುಂಬಾಕ ಅಕಿ ಬದ್ಲಿ ನೀನ ಬಾ."

ಯಜಮಾನರು ನನ್ನ ಕಡೆ ನೋಡಿದರು. ನಾನು ಬಳೆಯ ಕಡೆ ನೋಡಿದೆ. ಐದು ವರ್ಷದಲ್ಲಿ ಮೊದಲ ಸಲ ಅವರು ಯಾರೂ ಹೇಳದೆ ಎದ್ದರು. ಹೊಸ್ತಿಲ ಮೇಲೆ ನಿಂತು, ತರಗತಿಯಲ್ಲಿ ಬಿಟ್ಟ ಪಾಠವನ್ನು ಒಂದೇ ಉಸಿರಿಗೆ ಮುಗಿಸಿದರು: "ಯವ್ವಾ, ಅಕೀದು ಎಲ್ಲಾ ಬರೋಬರಿ ಐತಿ. ಪರೀಕ್ಷಿ ಮಾಡ್ಸೀನಿ, ದೋಷ ಇರೋದು ನನ್ನಾಗ. ಉಡಿ ಅಕೀನ ತುಂಬ್ತಾಳ."

ಅತ್ತೆಯವರ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಮಗನ ಮೀಸೆಯನ್ನೇ ನೋಡುತ್ತ ಕೂತರು.

ದೊಡ್ಡವ್ವ ಸೆರಗು ಕೊಡವಿ ಎದ್ದರು. "ಅಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತೀಯೋ ತಮ್ಮಾ? ಹೋದ ಬ್ಯಾಸಿಗ್ಯಾಗ ನಮ್ಮ ಟಗರನ್ನ ಬಿಸಿಲಾಗ ಕಟ್ಟಿದ್ವಿ, ಒಂದು ಕುರಿನೂ ಗಬ್ಬ ಕಟ್ಟಲಿಲ್ಲ. ಬೇವಿನ ಗಿಡದ ನೆಳ್ಳಿಗೆ ತಂದು ಕಟ್ಟಿದ್ವಿ, ಈಗ ಹಟ್ಟಿ ತುಂಬ ಮರಿ. ಕುರಿಗೆ ಹರಕಿ ಹೊರಸಿದ್ರ ಏನ್ ಬರ್ತಿತ್ತು?"