ಮೂರನೆಯ ಕುರ್ಚಿ

ನನಗೆ ನಗು ಸುಲಭಕ್ಕೆ ಬರುವುದಿಲ್ಲ. ಸಿಟ್ಟೇನಿಲ್ಲ, ಮುಖ ಇರುವುದೇ ಹಾಗೆ. ಮದುವೆಯ ಫೋಟೋದಲ್ಲೂ ಯಾರೋ ಬೈದು ಕೂರಿಸಿದ ಹಾಗೆ ಕೂತಿದ್ದೇನೆ. ಈ ಮುಖದಿಂದ ನನಗೆ ಆಯುಷ್ಯದಲ್ಲಿ ಒಂದೇ ಒಂದು ಉದ್ಯೋಗ ಸಿಕ್ಕಿತು, ಅದೂ ಮುದುಕಿಯಾದ ಮೇಲೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಶೈಲಜ ಒಂದು ದಿನ ಇಳಿದು ಬಂದಳು.

"ಅಜ್ಜಿ, ದಿನಾ ಸಾಯಂಕಾಲ ಸ್ವಲ್ಪ ಹೊತ್ತು ಮೇಲೆ ಬಂದು ಕೂತ್ಕೋತೀರಾ? ಏನೂ ಮಾಡೋದು ಬೇಡ. ನಗದೆ ಇದ್ರೆ ಸಾಕು."

"ಅದೇನ್ ಮಹಾ, ಬತ್ತೀನಿ" ಎಂದೆ.

ಶೈಲಜ, ಅವಳ ಗಂಡ ರಘು ಹಾಸನದ ಕಡೆಯವರು. ಇಬ್ಬರೂ ಇಂಜಿನಿಯರು, ಇಬ್ಬರಿಗೂ ಹೊಸೂರಿನಲ್ಲಿ ಕಾರ್ಖಾನೆ ಕೆಲಸ, ಕೈತುಂಬ ಸಂಬಳ. ಅದು ಸಾಲದೆ, ದೊಡ್ಡ ಕಂಪನಿಗಳನ್ನು ನಡೆಸುವುದು ಕಲಿಸುವ ಸ್ಕೂಲೊಂದಕ್ಕೆ ಇಬ್ಬರೂ ಜೊತೆಯಾಗಿಯೇ ಸೇರಬೇಕೆಂದು ಹಟ. ವ್ಯಾಪಾರದ ಓದು ಎಂದರು.

"ಅದ್ಕೆ ಸ್ಕೂಲ್ ಯಾಕ್ಲಾ? ಕೆಲಮಂಗಲದ ಸಂತೇಲಿ ಕೂತು ಒಂದ್ ಬೆಳಿಗ್ಗೆ ಟೊಮೇಟೊ ಮಾರು, ಬತ್ತದೆ."

ರಘು ಬಿದ್ದು ಬಿದ್ದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ. "ಶೈಲು, ಸರಿಯಾದೋರ್ನೇ ಹಿಡ್ಕೊಂಡು ಬಂದಿದೀಯ!"

ಬರೆಯುವ ಪರೀಕ್ಷೆಯನ್ನು ಇಬ್ಬರೂ ಗೆದ್ದಿದ್ದರು. ಉಳಿದದ್ದು ಇಂಟರ್‌ವ್ಯೂ. ಅದರ ಅಭ್ಯಾಸಕ್ಕೆ ತಾರಸಿಯ ಮೇಲೆ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಒಂದರಲ್ಲಿ ಉತ್ತರ ಹೇಳುವವರು, ಎದುರಿಗೆ ಕೇಳುವವರು, ಕೇಳುವವರ ಪಕ್ಕ ನಾನು. ಎದುರಿಗೆ ಒಬ್ಬರೇ ಇದ್ದರೆ, ಅದೂ ಗಂಡನೋ ಹೆಂಡತಿಯೋ ಆದರೆ, ಹೆದರಿಕೆ ಹುಟ್ಟುವುದಿಲ್ಲವಂತೆ. ನನ್ನಿಂದ ಹುಟ್ಟಿತು.

ಮಾತೆಲ್ಲ ಇಂಗ್ಲಿಷು. ಮುಗಿದ ಮೇಲೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ತಪ್ಪದೆ ಬರುತ್ತಿದ್ದ ಪ್ರಶ್ನೆ ಒಂದಿತ್ತು: ನಿನ್ನ ದೊಡ್ಡ ದೌರ್ಬಲ್ಯ ಏನು? ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ, ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ನಿನ್ನ ಐಬು ಏನು ಅಂತ ಎತ್ತನ್ನೇ ಕೇಳುವಷ್ಟು ನಾಚಿಕೆಗೆಟ್ಟವರನ್ನು ನಾನು ನೋಡಿಲ್ಲ. ಎತ್ತಿಗೆ ಮಾತು ಬಂದಿದ್ದರೆ ಅದೂ ಸುಳ್ಳೇ ಹೇಳುತ್ತಿತ್ತು.

ರಘು ಒಂದು ಉತ್ತರ ಹೊಸೆದಿದ್ದ. ಎಲ್ಲ ಕೆಲಸವನ್ನೂ ನಾನೇ ಮಾಡಬೇಕೆಂದು ಮೈಮೇಲೆ ಎಳೆದುಕೊಳ್ಳುತ್ತಿದ್ದೆ, ಒಂದು ಸಲ ಜ್ವರ ಬಂದು ಮಲಗಿದೆ, ನಾನಿಲ್ಲದೆಯೂ ಕಾರ್ಖಾನೆ ಚೆನ್ನಾಗಿಯೇ ಓಡಿತು, ಅವತ್ತಿನಿಂದ ಬೇರೆಯವರನ್ನು ನಂಬುವುದು ಕಲಿತೆ ಅಂತ. ಚೆನ್ನಾಗಿತ್ತು. ಶೈಲಜಳಿಗೆ ಎಷ್ಟು ಹಿಡಿಸಿತೆಂದರೆ ಮಾರನೆಯ ವಾರ ಅವಳಿಗೂ ಅದೇ ಜ್ವರ ಬಂತು.

"ನಂದು ಕದ್ದೆಯಲ್ಲೇ!" ಎಂದ ರಘು.

"ನಿಂದೇನು, ನಂದೇನು?" ಎಂದಳು. ಇಬ್ಬರೂ ನಕ್ಕರು.

ಒಂದು ಸಂಜೆ, ನೀವೂ ಏನಾದರೂ ಕೇಳಿ ಎಂದು ನನಗೆ ಹೇಳಿದರು. ರಘು ಉತ್ತರದ ಕುರ್ಚಿಯಲ್ಲಿದ್ದ.

"ಒಬ್ರಿಗೆ ಸಿಕ್ಕಿ ಒಬ್ರಿಗೆ ಸಿಗ್ದಿದ್ರೆ ಏನ್ಲಾ ಮಾಡ್ತೀಯ?"

"ಸಿಕ್ಕಿದೋರು ಹೋಗ್ಬೇಕು. ಸಿಗದಿದ್ದೋರು ಸಂತೋಷದಿಂದ ಕಳಿಸ್ಬೇಕು" ಎಂದ, ತಡವರಿಸದೆ. ಶೈಲಜ ಚಪ್ಪಾಳೆ ತಟ್ಟಿದಳು. ಕೇಳಿದವರ ಕಣ್ಣು ನೋಡಿ ಉತ್ತರ ಹೇಳಬೇಕೆಂಬುದು ಅವರ ಪಾಠ. ಅವನು ನನ್ನನ್ನೇ ನೋಡಿ ಹೇಳಿದ. ಹೆಂಡತಿಯ ಕಡೆ ತಿರುಗಲಿಲ್ಲ.

ಇಂಟರ್‌ವ್ಯೂಗೆ ಇಬ್ಬರನ್ನೂ ಒಂದೇ ದಿನ, ಒಂದೇ ಕೋಣೆಗೆ ಕರೆದಿದ್ದರು. ಮೊದಲು ಅವಳು ಹೋದಳು. ಊಟದ ನಂತರ ಇವನು. ದೌರ್ಬಲ್ಯದ ಪ್ರಶ್ನೆ ಬಂತು, ಇವನು ಜ್ವರ ಶುರು ಮಾಡಿದ. ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಈ ಜ್ವರ ಬೆಳಿಗ್ಗೆಯೇ ಕೇಳಿದ್ದೇವೆ, ನಿಮ್ಮ ಸ್ವಂತದ್ದು ಏನಾದರೂ ಇದ್ದರೆ ಹೇಳಿ ಎಂದರಂತೆ.

ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿಯಲ್ಲಿ ಫಲಿತಾಂಶ ನೋಡಿಕೊಂಡು ಬಂದರು. ಅವಳಿಗೆ ಸಿಕ್ಕಿತ್ತು, ಇವನಿಗಿಲ್ಲ. ರಘು ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದ. ನನಗೆ ಕೊಟ್ಟು, ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿದ. ಅವತ್ತಿನಿಂದ ಸಾಯಂಕಾಲದ ಇಂಟರ್‌ವ್ಯೂ ಮನೆಯೊಳಗೇ ನಡೆಯತೊಡಗಿತು, ಕನ್ನಡದಲ್ಲಿ. ಅಲ್ಲಿ ಏನು ಕೇಳಿದರು? ನೀನು ಏನಂದೆ? ನನ್ನದು ಅಂತ ಗೊತ್ತಿದ್ದೂ ಯಾಕೆ ಹೇಳಿದೆ? ಕೆಳಗಿದ್ದ ನನಗೆ ಈಗ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ಕೊನೆಗೆ ಇಬ್ಬರೂ ಪಂಚಾಯಿತಿಗೆ ನನ್ನ ಬಾಗಿಲಿಗೇ ಬಂದರು.

"ಅಜ್ಜಿ, ನೀವೇ ಹೇಳಿ. ಆ ಉತ್ತರ ಯಾರ್ದು?" ಎಂದ ರಘು.

"ನಿಂದೇ ಕಣ್ಲಾ. ಏನೀಗ? ವಾಪಸ್ ಇಸ್ಕೊಂತೀಯಾ?"

ಶೈಲಜ ಗಂಡನನ್ನೇ ನೋಡುತ್ತ, "ನಾನು ಹೋಗೋದೋ ಬೇಡ್ವೋ? ಅದನ್ನ ಹೇಳು" ಎಂದಳು. ತಾರಸಿಯ ಮೇಲೆ ತಡವರಿಸದೆ ಬಂದಿದ್ದ ಮಾತು ಬರಲಿಲ್ಲ. ಅವಳು ಮೇಲೆ ಹೋಗಿ ಪೆಟ್ಟಿಗೆ ಕಟ್ಟಿದಳು.

ಮೊದಲ ರಜೆಗೆ ಬಂದಳು. ಅವನು ಆ ವಾರವೆಲ್ಲ ಶಿಫ್ಟಿನ ಮೇಲೆ ಶಿಫ್ಟು ಹಾಕಿಸಿಕೊಂಡ. ಎರಡನೆಯ ರಜೆಗೆ ಅವಳು ಬರಲಿಲ್ಲ.

ಮುಂದಿನ ವರ್ಷ ರಘು ಮತ್ತೆ ಕುರ್ಚಿ ಹಾಕಿದ. ಮೂರು ಹಾಕಿ, ಒಂದನ್ನು ತೆಗೆದಿಟ್ಟ.

"ಕೇಳಿ ಅಜ್ಜಿ, ಅದೇ ಪ್ರಶ್ನೆ."

"ನಿನ್ನ ದೌರ್ಬಲ್ಯ ಏನ್ಲಾ?"

ಬಾಯಿ ತೆರೆದ. ಜ್ವರದ ಕಥೆ ಅರ್ಧಕ್ಕೆ ಬಂದು ನಿಂತಿತು. ತಲೆ ತಗ್ಗಿಸಿಕೊಂಡು ಹೇಳಿದ: "ಅವಳಿಗೆ ಸಿಕ್ಕಿದ್ದು ನಂಗೆ ತಡ್ಕೊಳ್ಳೋಕಾಗ್ಲಿಲ್ಲ."

"ಇದು ನಿಂದು. ಇದನ್ನ ಯಾರೂ ಕದಿಯಾಕಿಲ್ಲ. ಹೋಗಿ ಅವಳ್ಗೆ ಹೇಳು."

"ಹೇಳ್ತೀನಿ" ಎಂದ. ಹೇಳಲಿಲ್ಲ. ಮನೆ ಖಾಲಿ ಮಾಡುವ ದಿನ ಕೇಳಿದ್ದಕ್ಕೆ, "ಇನ್ನೂ ಸರಿಯಾಗಿ ತಯಾರಾಗಿಲ್ಲ ಅಜ್ಜಿ" ಎಂದ. ಅಷ್ಟು ಹೊತ್ತಿಗೆ ಅವಳ ವಕೀಲರಿಂದ ಕಾಗದ ಬಂದಿತ್ತು.

ಕುರ್ಚಿಗಳನ್ನು ಇಲ್ಲೇ ಬಿಟ್ಟುಹೋದ. ಎರಡರ ಮೇಲೆ ಹಲಗೆ ಹಾಕಿ ಸಂಡಿಗೆ ಒಣಗಿಸುತ್ತೇನೆ. ಮೂರನೆಯದರಲ್ಲಿ ನಾನು ಕೂರುತ್ತೇನೆ. ನನ್ನ ಮುಖ ಕಂಡು ಕಾಗೆ ಹತ್ತಿರ ಬರುವುದಿಲ್ಲ.