ಅತ್ತಿಗೆಯ ಕನಸಿನ ಚಂದ್ರಿಕೆಗಳು

ಎಂಬತ್ತೆರಡರ ಫೆಬ್ರವರಿ ಕೊನೆಯಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವ. ನಾನು ಟಿ.ಸಿ.ಎಚ್. ಮುಗಿಸಿ ಹುತ್ತೂರು ಹೋಬಳಿಯ ಆ ಶಾಲೆಗೆ ಟೀಚರಾಗಿ ಸೇರಿ ಏಳು ತಿಂಗಳಾಗಿತ್ತು. ಹೆಡ್‌ಮಾಸ್ಟರು ತಾವೇ ಒಂದು ದುರಂತ ನಾಟಕ ಬರೆದಿದ್ದರು. ನಾಮಕರಣಕ್ಕೆ ಮುಂಚೆಯೇ ಕೂಸನ್ನು ಕಳೆದುಕೊಂಡ ರಾಣಿ ಅರಮನೆಯ ತುಂಬ ಅದನ್ನು ಹುಡುಕುತ್ತಾಳೆ, ಕೊನೆಗೆ ತಾನೂ ಉಳಿಯುವುದಿಲ್ಲ. ರಂಗಸಜ್ಜಿಕೆ ನನ್ನ ಪಾಲಿಗೆ ಬಂತು. ಕೋಲಾರಕ್ಕೆ ಹೋಗಿ ಬಾಡಿಗೆ ಪರದೆಯ ಕಂಬ, ಕಮಾನು, ನವಿಲು ನೋಡಿ ಬಂದೆ. ಅದರ ಮುಂದೆ ಯಾವ ರಾಣಿಯೂ ಅಳಲಾರಳು ಅನ್ನಿಸಿತು.

ಆಗ ನೆನಪಾದದ್ದು ಅತ್ತಿಗೆಯ ಚಿತ್ರಗಳು. ನಮ್ಮ ಮನೆಯ ರೇಷ್ಮೆ ಹುಳು ಸಾಕಣೆಯೆಲ್ಲ ಅವಳದೇ. ಹಿಂದಿನ ವರ್ಷ ಅವಳ ಕೂಸು ಹುಟ್ಟಿದ ಒಂಬತ್ತನೇ ದಿನ ತೀರಿಕೊಂಡಿತ್ತು. ಆಮೇಲೆ ಕನಸಿನಲ್ಲಿ ಕಂಡದ್ದನ್ನು ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಇದ್ದಿಲಿನಿಂದ ಬರೆದು, ಸುತ್ತಿ, ಹುಳುಮನೆಯ ಅಟ್ಟದ ಮೇಲೆ ಇಡುತ್ತಿದ್ದಳು. ಅವಳು ಸೊಪ್ಪು ಕೊಯ್ಯಲು ಹೋದಾಗ ನಾನು ಬಿಚ್ಚಿ ನೋಡಿ ಡೈರಿಯಲ್ಲಿ ಬರೆದುಕೊಂಡೆ: ಒಟ್ಟು ಹನ್ನೊಂದು. ಏಳರಲ್ಲಿ ಚಂದ್ರಿಕೆ. ಬಾಗಿಲು ಒಂದರಲ್ಲೂ ಇಲ್ಲ.

ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲೆಂದು ಬಿದಿರಿನ ಸುರುಳಿ ಹೆಣೆದ ಆಳೆತ್ತರದ ತಟ್ಟಿ. ಅವಳ ಚಿತ್ರದಲ್ಲಿ ಅವು ಹಿಪ್ಪುನೇರಳೆ ತೋಟದ ಮೇಲೆ ಮೋಡಗಳ ಹಾಗೆ ತೇಲುತ್ತಿದ್ದವು. ಒಂದು ಮಾತ್ರ ನೆಲದಲ್ಲಿ ಮಲಗಿತ್ತು. ಅದರ ಸುರುಳಿ ಒಳಗೊಳಗೇ ಇಳಿದು ಬಾವಿಯಷ್ಟು ಆಳವಾಗಿತ್ತು. ರಾಣಿಯ ಅರಮನೆ ಇದೇ ಎಂದು ತೀರ್ಮಾನಿಸಿದೆ.

ಹೆಡ್‌ಮಾಸ್ಟರು ನಕ್ಕರು. "ಏಮಮ್ಮಾ, ರಾಣೀನ ಹುಳುಮನೇಲಿ ಕೂಡಿಸ್ತೀಯಾ? ಸೊಪ್ಪು ಹಾಕೋರು ಯಾರು, ಮಂತ್ರಿನಾ?" ನಗು ಮುಗಿದ ಮೇಲೆ ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಮಾಡು," ಎಂದರು.

ಮನೆಯಲ್ಲಿದ್ದ ಇಪ್ಪತ್ತಾರು ಚಂದ್ರಿಕೆಗಳಲ್ಲಿ ಹತ್ತು ಬೇಕೆಂದು ಅತ್ತಿಗೆಯನ್ನು ಕೇಳಿದೆ. "ಹುಳ ಹಣ್ಣಾಗೋ ಹೊತ್ಗೆ ವಾಪಸ್ ಬರ್ಬೇಕು ಕಣೇ," ಅಂದಳು. ಚಿತ್ರದ ಮಾತು ನಾನು ಎತ್ತಲೇ ಇಲ್ಲ. ಹುಳು ಕೊನೆಯ ಪೊರೆ ಬಿಟ್ಟು ಎದ್ದ ದಿನದಿಂದ ಹಣ್ಣಾಗಲು ಎಂಟು ದಿನ ಎಂದು ಲೆಕ್ಕ ಹಾಕಿದೆ. ಹಿಂದಿನ ಬೆಳೆಗೆ ಡೈರಿಯಲ್ಲಿ ಎಂಟೇ ಇತ್ತು. ಆದರೆ ಅದು ಪುಷ್ಯದ ಚಳಿಯಲ್ಲಿ ಬಂದ ಬೆಳೆ. ಈಗ ಬಿಸಿಲೇರಿ ಆರನೇ ದಿನಕ್ಕೇ ಹಣ್ಣಾಗಿ ಗೂಡು ಕಟ್ಟಲು ತಲೆಯೆತ್ತಿದವು. ನಾಟಕವೂ ಅದೇ ದಿನ, ಮಧ್ಯಾಹ್ನ ಮೂರಕ್ಕೆ.

ಬೆಳಿಗ್ಗೆ ಹತ್ತಕ್ಕೆ ಅತ್ತಿಗೆ ಎತ್ತಿನಗಾಡಿ ಹೊಡೆಸಿಕೊಂಡು ಶಾಲೆಗೆ ಬಂದಳು. ವೇದಿಕೆಯಲ್ಲಿ ಬಿಳಿ ಪಂಚೆಗಳ ಮುಂದೆ ಒಂಬತ್ತು ಚಂದ್ರಿಕೆ ಹಗ್ಗದಲ್ಲಿ ತೂಗುತ್ತಿದ್ದವು, ಒಂದು ನೆಲದ ಮೇಲಿತ್ತು. ಅವಳು ಮೆಟ್ಟಿಲಲ್ಲೇ ನಿಂತಳು. ನನ್ನ ಮುಖ ನೋಡಲಿಲ್ಲ.

"ಅಮ್ಮಾ, ಸಾಯಂಕಾಲದ ತನಕ ಬಿಡಿ," ಎಂದರು ಹೆಡ್‌ಮಾಸ್ಟರು.

"ನಾಟಕ ಮುಗೀಲಿ ಅಂತ ಹುಳ ಕಾಯ್ತವಾ ಸಾರ್? ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳಾಗ್ತವೆ."

ಒಂಬತ್ತನ್ನೂ ತಾನೇ ಬಿಚ್ಚಿ ಗಾಡಿಗೆ ಹಾಕಿಸಿದಳು. ಆಮೇಲೆ ನೆಲದ ಚಂದ್ರಿಕೆಯ ಹತ್ತಿರ ಬಂದಳು. ಅದರಲ್ಲಿ ಬಟ್ಟೆ ಸುತ್ತಿದ ಕೂಸಿನ ಗೊಂಬೆಯಿತ್ತು. ಜನಕ್ಕೆ ಅರ್ಥವಾಗಲೆಂದು ನಾನು ಸೇರಿಸಿದ್ದು. ಕತ್ತು ವಾಲದಂತೆ ಕೈಕೊಟ್ಟು ಎತ್ತಿ, ಅದನ್ನು ನನಗೆ ಕೊಟ್ಟಳು.

"ಇದ್ರಾಗೆ ಏನೂ ಇರ್ಲಿಲ್ಲ ಕಣೇ. ಇದೊಂದು ಚಂದ್ರಿಕೆ ಇಲ್ಲೇ ಇರ್ಲಿ."

ಗಾಡಿ ಹೊರಟಿತು. ಗೊಂಬೆ ತೆಗೆದದ್ದನ್ನು ರಾಣಿಯಾಗಿದ್ದ ಏಳನೇ ಕ್ಲಾಸಿನ ಹುಡುಗಿಗೆ ಹೇಳಲು ಗಡಿಬಿಡಿಯಲ್ಲಿ ಮರೆತೆ. ಕೊನೆಯ ದೃಶ್ಯದಲ್ಲಿ ಅವಳು ಕಲಿತ ಹಾಗೆ ಕೈಚಾಚಿದಳು. ಏನೂ ಸಿಗಲಿಲ್ಲ. ಮಾತು ಮರೆತು, ಬಿದಿರಿನ ಸುರುಳಿಯ ಮೇಲೆ ಬೆರಳಾಡಿಸುತ್ತ ಕುಳಿತುಬಿಟ್ಟಳು. ಮುಂದೆ ಕೂತಿದ್ದ ಹೆಂಗಸರಲ್ಲಿ ಒಬ್ಬರೂ ಮಿಸುಕಲಿಲ್ಲ. ಹೆಡ್‌ಮಾಸ್ಟರು ಮೆಲ್ಲಗೆ ಪರದೆ ಎಳೆಸಿದರು.

ದೀಪ ಹಚ್ಚುವ ಹೊತ್ತಿಗೆ ಆ ಚಂದ್ರಿಕೆಯನ್ನು ಹೊತ್ತು ಮನೆಗೆ ಬಂದೆ. ಅತ್ತಿಗೆ ಹುಳು ಆರಿಸುತ್ತಿದ್ದಳು.

"ಚಿತ್ರಾನ ಕೇಳ್ದೇನೇ ತಗೊಂಡೆ, ಅತ್ತಿಗೆ."

"ಕೇಳಿದ್ರೆ ಕೊಡ್ತಿರ್ಲಿಲ್ಲ," ಎಂದಳು, ತಲೆಯೆತ್ತದೆ. ಹುಳುವಿನ ತಟ್ಟೆ ಪಕ್ಕಕ್ಕೆ ಸರಿಸಿ, "ನಿಂತ್ಕೊಂಡೇ ಇರ್ತೀಯಾ? ಹಿಡ್ಕೋ ಆ ಕಡೆ."

ನಾನು ಆ ಕಡೆ ಕುಳಿತೆ. ಅವಳು ಹೊರಗಿನಿಂದ, ನಾನು ನಡುವಿನಿಂದ, ಒಂದೊಂದೇ ಹುಳುವನ್ನು ಸುರುಳಿಗೆ ಬಿಡುತ್ತ ಬಂದೆವು.