ಆಚೆ ದಡಕ್ಕಿಷ್ಟು ಕತ್ತಲು

ಬೆಳಕು ಹರಿಯುವ ಮುನ್ನವೇ ಆಕೆ ರಬ್ಬರ್ ಬೂಟು ತೊಟ್ಟು ನದಿಯ ಮೆಟ್ಟಿಲಿಳಿಯುತ್ತಾರೆ. ಊರಿಗೆ ನೀರೆತ್ತುವ ಪಂಪ್‌ಹೌಸಿನ ಬಾಯಿಗೆ ಕಬ್ಬಿಣದ ಜಾಲರಿಯಿದೆ. ಹರಿದು ಬಂದದ್ದೆಲ್ಲ ಅದಕ್ಕೆ ಅಂಟಿಕೊಂಡಿರುತ್ತದೆ: ಕೊಂಬೆ, ಪ್ಲಾಸ್ಟಿಕ್ ಚೀಲ, ಒಂಟಿ ಚಪ್ಪಲಿ, ನಡುವೆ ಮಿಸುಕಾಡುವ ಜೀವಗಳು. ರಾತ್ರಿ ಪಂಪಿಗೆ ಬಿಡುವು. ಬೆಳಿಗ್ಗೆ ಅದು ಶುರುವಾಯಿತೋ, ಸೆಳೆತಕ್ಕೆ ಸಿಕ್ಕಿದ್ದೆಲ್ಲ ಅಪ್ಪಚ್ಚಿ. ಅಷ್ಟರೊಳಗೆ ಆಕೆ ಉದ್ದ ಹಿಡಿಯ ಕುಂಟೆಯಿಂದ ಕಸ ಎಳೆದು, ಮೀನು, ಏಡಿ, ಕಪ್ಪೆಗಳನ್ನು ಬಲೆಬಟ್ಟೆಯ ಚೀಲಕ್ಕೆ ಹಾಕಿಕೊಳ್ಳಬೇಕು.

“ಅಕ್ಕಾ, ನಿಮ್ಮ ನೆಂಟರೆಲ್ಲ ಇಳಿದ್ರಾ? ಸ್ವಿಚ್ ಹಾಕ್ಲಾ?” ಮೇಲಿನ ಕಿಟಕಿಯಿಂದ ಪಂಪ್ ಆಪರೇಟರ್ ಕೂಗುತ್ತಾರೆ.

“ತಡಿಯೋ, ಒಂದು ಏಡಿ ಬಾಕಿ. ನಿನ್ನ ಹಾಗೇ ಇದೆ, ನೆಟ್ಟಗೆ ಬಾ ಅಂದ್ರೆ ಅಡ್ಡ ಹೋಗುತ್ತೆ.”

ಆಕೆಗೆ ವಹಿಸಿರುವುದು ಕಸ ತೆಗೆಯುವ ಕೆಲಸವಷ್ಟೇ. ಉಳಿದದ್ದು ಆಕೆಯೇ ಮೈಮೇಲೆ ಹಾಕಿಕೊಂಡದ್ದು. ಮೊದಮೊದಲು ಹಿಡಿದದ್ದನ್ನು ಜಾಲರಿಯ ಮೇಲ್ಬದಿಗೇ, ಹೊಳೆ ಹರಿದು ಬರುವ ಕಡೆಗೆ, ಬಿಡುತ್ತಿದ್ದರು. ಮರುದಿನ ನೋಡಿದರೆ, ಕೊಂಡಿ ಮುರಿದ ಅದೇ ಏಡಿ ಮತ್ತೆ ಜಾಲರಿಯಲ್ಲಿ! “ನಾನು ಬಿಟ್ಟೆ, ಹೊಳೆ ವಾಪಸ್ ತಂದ್ಕೊಡ್ತು,” ಎಂದು ನಗುತ್ತಾರೆ. ಈಗ ಚೀಲ ಹೊತ್ತು ಹೊಳೆಯ ಕೆಳಗಿನ ತಿರುವಿನವರೆಗೆ ನಡೆದು, ಅಲ್ಲಿ ಬಿಡುತ್ತಾರೆ. ಚೀಲವನ್ನು ಹಳೆಯ ಸೊಳ್ಳೆಪರದೆಯಿಂದ ಹೊಲಿದುಕೊಟ್ಟವರು ದರ್ಜಿ ಗಂಡ. “ಅಳತೆ ತಗೊಳ್ಳೋಣ ಅಂದ್ರೆ ಇವಳ ಮೀನು ನಿಲ್ಲಲ್ವಲ್ಲ,” ಎಂಬುದು ಅವರ ತಕರಾರು.

ಪುಣ್ಯಕ್ಕಾಗಿ ಮಾಡುತ್ತೀರಾ ಎಂದರೆ ಆಕೆಗೆ ಸಿಟ್ಟು. “ಪುಣ್ಯ ಎಲ್ಲಿಂದ ಬಂತು? ಈ ನೀರು ಅವೂ ಕುಡೀತಾವೆ, ನಾವೂ ಕುಡೀತೀವಿ. ನಮ್ಮ ಪೈಪು ದೊಡ್ಡದು, ಅಷ್ಟೇ.”

ಕೈ ಜಾಲರಿಯಲ್ಲಿದ್ದರೂ ಕಿವಿ ಆಚೆ ದಡದಲ್ಲಿರುತ್ತದೆ. ಅಲ್ಲಿನ ಚಪ್ಪಟೆ ಬಂಡೆಗೆ ಹಿಂದೆ ನೀರುನಾಯಿಗಳು ಬರುತ್ತಿದ್ದವು. ಕತ್ತಲಲ್ಲೇ ಒಂದನ್ನೊಂದು ಸಿಳ್ಳೆ ಹಾಕಿ ಕರೆದು, ಏಡಿ ಕಡಿದು ತಿಂದು, ಚಿಪ್ಪು ಬಿಟ್ಟು ಹೋಗುತ್ತಿದ್ದವು. ಏಳು ವರ್ಷದ ಹಿಂದೆ ಆಕೆ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಗುಣವಾಗಿ ಬಂದಾಗ ಕೇಳಿದ್ದು ಒಂದೇ: ಇಲ್ಲೊಂದು ದೀಪ ಹಾಕಿಸಿ. ಹಾಕಿಸಿದರು. ಹೊಳೆಯಗಲಕ್ಕೂ ಹಗಲಾಯಿತು. ಆಮೇಲೆ ಸಿಳ್ಳೆ ಕೇಳಿಸಿಲ್ಲ.

ಅವು ಹೋದದ್ದು ದೀಪದಿಂದಲೇ ಎನ್ನಲು ಆಧಾರವಿಲ್ಲ. ಆಕೆಯೂ ಹಾಗೆನ್ನುವುದಿಲ್ಲ. “ಆದ್ರೆ ನನ್ನ ಕಾಲಿಗೆ ಬೇಕಿದ್ದ ಬೆಳಕು ಮೂರು ಮೆಟ್ಟಿಲಿಗೆ. ಅವರ ಮನೆಬಾಗಿಲಿಗೆ ಯಾಕೆ ಬೇಕಿತ್ತು?”

ದೀಪ ಆರಿಸಲು ಪಂಪ್‌ಹೌಸಿನ ಮೇಲ್ವಿಚಾರಕರು ಒಪ್ಪಲಿಲ್ಲ. ಮತ್ತೆ ಬಿದ್ದರೆ ಯಾರು ಹೊಣೆ? ಕೊನೆಗೆ ಆಪರೇಟರ್ ಎಣ್ಣೆ ಡಬ್ಬ ಕತ್ತರಿಸಿ ದೀಪಕ್ಕೊಂದು ಟೋಪಿ ಮಾಡಿದರು. ಈಗ ಬೆಳಕು ಮೆಟ್ಟಿಲ ಮೇಲಷ್ಟೇ ಬೀಳುತ್ತದೆ. ಮಳೆಗಾಲದವರೆಗೆ ಇರಲಿ, ಆಮೇಲೆ ನೋಡೋಣ ಎಂದಿದ್ದಾರೆ ಮೇಲ್ವಿಚಾರಕರು. ಟೋಪಿ ಹಾಕಿ ನಾಲ್ಕು ತಿಂಗಳಾಗಿದೆ. ಮೋಡ ಕಟ್ಟತೊಡಗಿದೆ.

ಈ ಬೆಳಿಗ್ಗೆ ಮಬ್ಬು ಕರಗುತ್ತಿದ್ದಂತೆ ಆಪರೇಟರ್ ಓಡಿ ಬರುತ್ತಾರೆ. “ಅಕ್ಕಾ, ಬಂಡೆ ಮೇಲೆ ಏನೋ ಇದೆ. ಏಡಿ ಚಿಪ್ಪಿನ ಹಾಗಿದೆ. ಬನ್ನಿ, ದೋಣೀಲಿ ಹೋಗಿ ನೋಡೋಣ. ಮೇಲ್ವಿಚಾರಕರಿಗೆ ತೋರಿಸಿದ್ರೆ ಟೋಪಿ ಉಳಿಯುತ್ತೆ.”

ಆಕೆ ಕುಂಟೆ ಊರಿ ನಿಲ್ಲುತ್ತಾರೆ. ಬಹಳ ಹೊತ್ತು ನೋಡುತ್ತಾರೆ.

“ಕಾಗೆ ತಂದಿಟ್ಟಿದ್ದೋ ಏನೋ.”

“ಅದಕ್ಕೇ ಹೋಗಿ ನೋಡೋಣ ಅಂದೆ.”

“ಬೇಡ. ಅವೇ ಬಂದಿದ್ರೆ, ನಾಳೆ ಬಂದಾಗ ನಮ್ಮ ವಾಸನೆ ಹತ್ತುತ್ತೆ. ಅವರಿಗೆ ಇಲ್ಲಿಂದಲೇ ತೋರಿಸು.”

“ಅವರು ನಂಬದಿದ್ರೆ?” ಎನ್ನುತ್ತಾರೆ ಆಪರೇಟರ್. ಆಕೆ ಚೀಲವೆತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಒಳಗೆ ಏಡಿ ಪರಚುತ್ತಿದೆ.

“ಇನ್ನೊಂದು ವರ್ಷ ಟೋಪಿ ಇರ್ಲಿ ಅಂತ ನಾನೇ ಕೇಳ್ತೀನಿ. ಒಂದ್ಸಲ ಸಿಳ್ಳೆ ಕೇಳ್ಬೇಕು ಅಂತ ಆಸೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಅವು ಬರೋದು ನನಗೆ ಕೇಳಿಸೋಕಲ್ಲವಲ್ಲ. ನಾನು ಮನೇಲಿ ಮಲಗಿರುವಾಗ ಬಂದು ಹೋದ್ರೂ, ಬಂದ ಹಾಗೇ.”